ಟೈಗರ್ ಮಾತ್

ಟೈಗರ್ ಮಾತ್ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿ ರೂಪಿಸಿದ ತರಬೇತಿ ವಿಮಾನ. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ, ಒಂದರ ಹಿಂದೊಂದು ಎರಡು ತೆರೆದ ಆಸನ, ಒಂದೇ ಎಂಜಿನ್. ಕಂಪನಿಯ ಲೆಕ್ಕದಲ್ಲಿ ಇದರ ಹೆಸರು ಡಿಎಚ್ 82. ಮೊದಲ ಹಾರಾಟ 1931ರ ಅಕ್ಟೋಬರ್ 26ರಂದು ಲಂಡನ್ ಬಳಿಯ ಸ್ಟ್ಯಾಗ್ ಲೇನ್ ಮೈದಾನದಲ್ಲಿ ನಡೆಯಿತು. ಹಾರಿಸಿದವನು ಹ್ಯೂಬರ್ಟ್ ಬ್ರಾಡ್. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ಕಡೆ ಒಟ್ಟು 8,800ಕ್ಕೂ ಹೆಚ್ಚು ತಯಾರಾದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಬಹುಪಾಲು ಪೈಲಟ್‌ಗಳು ಮೊದಲು ಹಾರಲು ಕಲಿತದ್ದು ಇದರಲ್ಲಿ. ಭಾರತೀಯ ವಾಯುಪಡೆಯ ಮೊದಲ ಎರಡು ದಶಕಗಳ ಪೈಲಟ್‌ಗಳ ಪೈಕಿ ಹೆಚ್ಚಿನವರ ಪಾಠಶಾಲೆಯೂ ಇದೇ. ಬೆಂಗಳೂರಿನಲ್ಲಿ ಹುಟ್ಟಿದ ಮೊದಲ ಸ್ವದೇಶಿ ವಿನ್ಯಾಸದ ವಿಮಾನ ಎಚ್‌ಟಿ-2, ವಾಯುಪಡೆಯಲ್ಲಿ ಇದರ ಜಾಗ ತುಂಬಲೆಂದೇ ಬಂದದ್ದು. ಆದ್ದರಿಂದ ಕರ್ನಾಟಕದ ವಿಮಾನ ಚರಿತ್ರೆ ಬರೆಯುವವರು ಟೈಗರ್ ಮಾತ್ ಅನ್ನು ದಾಟಿ ಹೋಗುವಂತಿಲ್ಲ.

ವಂಶ

ಕಂಪನಿ ಕಟ್ಟಿದ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಚಿಟ್ಟೆ, ಪತಂಗಗಳ ಅಧ್ಯಯನದ ಹುಚ್ಚಿತ್ತು. ತನ್ನ ಹಗುರ ವಿಮಾನಗಳಲ್ಲಿ ಹಲವಕ್ಕೆ ಆತ ಪತಂಗಗಳ (ಇಂಗ್ಲಿಷಿನಲ್ಲಿ ಮಾತ್) ಹೆಸರಿಟ್ಟ. 1925ರ ಫೆಬ್ರವರಿ 22ರಂದು ಹಾರಿದ ಡಿಎಚ್ 60 ಮಾತ್ ಈ ಕುಲದ ಮೂಲ. ಅದರ ಎಂಜಿನ್ 60 ಅಶ್ವಶಕ್ತಿಯ ಸಿರಸ್. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಕಾರಿನ ಹಿಂದೆ ಎಳೆದೊಯ್ಯಬಹುದಿತ್ತು. ಸೈನ್ಯಕ್ಕೂ ಸಿರಿವಂತರಿಗೂ ಮೀಸಲಾಗಿದ್ದ ಹಾರಾಟ ಹವ್ಯಾಸಿ ಕ್ಲಬ್ಬುಗಳ ಅಂಗಳಕ್ಕೆ ಇಳಿದದ್ದು ಈ ವಿಮಾನದಿಂದ. ಮುಂದೆ 100 ಅಶ್ವಶಕ್ತಿಯ ಜಿಪ್ಸಿ ಎಂಜಿನ್ ಕೂಡಿಸಿದಾಗ ಅದು ಜಿಪ್ಸಿ ಮಾತ್ ಆಯಿತು. 1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ್ದು ಜಿಪ್ಸಿ ಮಾತ್‌ನಲ್ಲಿ. ದಾರಿಯಲ್ಲಿ ಕರಾಚಿ, ಝಾನ್ಸಿ, ಕಲ್ಕತ್ತಾಗಳಲ್ಲಿ ಇಳಿದು ಹೋದಳು.

ಬ್ರಿಟನ್ನಿನ ವಾಯುಪಡೆಗೆ ಜಿಪ್ಸಿ ಮಾತ್ ಹಿಡಿಸಿತಾದರೂ ಒಂದು ತಕರಾರಿತ್ತು. ಮುಂದಿನ ಆಸನದ ನೆತ್ತಿಯ ಮೇಲೆಯೇ ಪೆಟ್ರೋಲ್ ಟ್ಯಾಂಕ್, ಸುತ್ತಲೂ ಅದನ್ನು ಹೊತ್ತ ಕಂಬಗಳು. ಪ್ಯಾರಾಶೂಟ್ ಕಟ್ಟಿಕೊಂಡ ಶಿಕ್ಷಕ ಆಪತ್ತಿನಲ್ಲಿ ಅಲ್ಲಿಂದ ಹೊರಬೀಳುವುದು ಬಲು ಕಷ್ಟ. ಟೈಗರ್ ಮಾತ್‌ನ ರೂಪ ಬಹುಮಟ್ಟಿಗೆ ಈ ಒಂದು ತಕರಾರಿನ ಪರಿಹಾರ. ಮೇಲ್ರೆಕ್ಕೆಯ ನಡುಭಾಗವನ್ನು ಟ್ಯಾಂಕ್ ಸಮೇತ ಮುಂದಕ್ಕೆ ಸರಿಸಿದರು. ಆಗ ಎತ್ತುವ ಬಲವೂ ಮುಂದಕ್ಕೆ ಹೋಗಿ ವಿಮಾನದ ಸಮತೋಲ ತಪ್ಪುತ್ತದೆ. ಅದಕ್ಕೆ ರೆಕ್ಕೆಗಳ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಹಾಗೆ ಬಾಗಿಸಿದಾಗ ಕೆಳರೆಕ್ಕೆಯ ತುದಿ ನೆಲಕ್ಕೆ ತಾಗುವ ಭಯ ಬಂತು. ಅದಕ್ಕೆ ಕೆಳರೆಕ್ಕೆಯನ್ನು ತುಸು ಮೇಲಕ್ಕೆ ಓರೆ ಮಾಡಿದರು. ಆಸನಗಳ ಎರಡೂ ಬದಿಗೆ ಕೆಳಕ್ಕೆ ಮಡಚುವ ಬಾಗಿಲು ಇಟ್ಟರು. ಇಂದು ನೋಡುವವರು ಅಂದವೆಂದು ಮೆಚ್ಚುವ ಆ ಹಿಂಬಾಗಿದ ರೆಕ್ಕೆ ಶಿಕ್ಷಕನ ಜೀವ ಉಳಿಸುವ ಲೆಕ್ಕದಿಂದ ಹುಟ್ಟಿದ್ದು. ಈ ಸರಪಳಿಯಲ್ಲಿ ಒಂದು ಕೊಂಡಿಯೂ ಅಲಂಕಾರಕ್ಕಾಗಿ ಬಂದುದಲ್ಲ.

1932ರಲ್ಲಿ ಬ್ರಿಟನ್ನಿನ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್ ಇದನ್ನು ಬಳಕೆಗೆ ತೆಗೆದುಕೊಂಡಿತು. ಮೊದಲ ಮಾದರಿಯಲ್ಲಿ 120 ಅಶ್ವಶಕ್ತಿಯ ಜಿಪ್ಸಿ 3 ಎಂಜಿನ್ ಇತ್ತು. ನಂತರದ ಡಿಎಚ್ 82ಎ ಮಾದರಿಗೆ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಬಂತು. ಬೆನ್ನಿನ ಭಾಗಕ್ಕೆ ಬಟ್ಟೆಯ ಬದಲು ಪ್ಲೈವುಡ್ ಹೊದಿಸಿದರು. ಹೊರಗಿನದು ಕಾಣದಂತೆ ಮಾಡಿ ಉಪಕರಣಗಳನ್ನಷ್ಟೇ ನೋಡಿ ಹಾರಿಸಲು ಕಲಿಸುವ ಸಲುವಾಗಿ ಹಿಂದಿನ ಆಸನಕ್ಕೆ ಮುಚ್ಚುವ ಕ್ಯಾನ್ವಾಸ್ ಗೂಡನ್ನೂ ಕೊಟ್ಟರು. ಜಗತ್ತಿನ ತುಂಬ ಹರಡಿದ್ದು ಈ ಮಾದರಿ.

ರಚನೆ

ವಿಮಾನದ ಮೈ ಉಕ್ಕಿನ ಕೊಳವೆಗಳ ಚೌಕಟ್ಟು. ರೆಕ್ಕೆಗಳ ಒಳಗಿನ ತೊಲೆಗಳು ಸ್ಪ್ರೂಸ್ ಮರದವು. ಚೌಕಟ್ಟಿನ ಮೇಲೆ ನಾರಗಸೆಯ ಬಟ್ಟೆ ಎಳೆದು ಹೊಲಿದು, ಡೋಪ್ ಎಂಬ ಮೆರುಗೆಣ್ಣೆಯಂಥ ದ್ರವ ಬಳಿಯುತ್ತಾರೆ. ಅದು ಒಣಗುತ್ತಾ ಬಟ್ಟೆಯನ್ನು ಬಿಗಿಯುತ್ತದೆ. ಮೇಲಿನ ಕೆಳಗಿನ ರೆಕ್ಕೆಗಳ ನಡುವೆ ಮರದ ಕಂಬ, ಕಂಬಗಳ ನಡುವೆ ಅಡ್ಡಡ್ಡ ಉಕ್ಕಿನ ತಂತಿ. ಹಾರುವಾಗ ರೆಕ್ಕೆ ಮೇಲೆದ್ದು ಮುರಿಯದಂತೆ ಹಿಡಿಯಲು ಒಂದು ಜೋಡಿ ತಂತಿ, ನೆಲಕ್ಕಿಳಿಯುವಾಗ ಕೆಳಗೆ ಜೋತು ಮುರಿಯದಂತೆ ಹಿಡಿಯಲು ಇನ್ನೊಂದು. ಎರಡು ರೆಕ್ಕೆ, ಕಂಬ, ತಂತಿ ಕೂಡಿದರೆ ಸೇತುವೆಯ ತೊಲೆಗಟ್ಟಿನ ಬಲ ಬರುತ್ತದೆ. ಅಷ್ಟು ಕಡಿಮೆ ತೂಕದಲ್ಲಿ ಅಷ್ಟು ಗಟ್ಟಿತನವನ್ನು ಆ ಕಾಲದ ಒಂಟಿ ರೆಕ್ಕೆಯಿಂದ ಪಡೆಯುವುದು ಕಷ್ಟವಿತ್ತು. ಲೂಪ್ ಹೊಡೆಯುವ, ಅಂದರೆ ನಿಲುವಾಗಿ ವೃತ್ತ ಸುತ್ತುವ, ವಿಮಾನಕ್ಕೆ ಈ ಗಟ್ಟಿತನ ಬೇಕು. ಪ್ರತಿಯಾಗಿ ತೆರಬೇಕಾದ ಬೆಲೆ ಗಾಳಿಯ ತಡೆ: ಪ್ರತಿ ಕಂಬ, ಪ್ರತಿ ತಂತಿ ವೇಗವನ್ನು ತಿನ್ನುತ್ತದೆ.

ರೆಕ್ಕೆಗಳ ಹರವು 8.94 ಮೀಟರ್, ಉದ್ದ 7.29 ಮೀಟರ್. ಬರಿಮೈ ತೂಕ ಸುಮಾರು 506 ಕಿಲೊ, ಇಬ್ಬರೂ ಇಂಧನವೂ ಕೂಡಿದರೆ 828 ಕಿಲೊ. ಹೆಚ್ಚೆಂದರೆ ಗಂಟೆಗೆ 175 ಕಿ.ಮೀ. ವೇಗ, 486 ಕಿ.ಮೀ. ದೂರ, 13,600 ಅಡಿ ಎತ್ತರ. ಮೇಲ್ರೆಕ್ಕೆಯ ನಡುವಿನ ಟ್ಯಾಂಕಿನಲ್ಲಿ 19 ಗ್ಯಾಲನ್, ಅಂದರೆ ಸುಮಾರು 86 ಲೀಟರ್ ಪೆಟ್ರೋಲ್. ಅದು ಪಂಪಿನ ನೆರವಿಲ್ಲದೆ ತನ್ನ ಭಾರಕ್ಕೆ ತಾನೇ ಎಂಜಿನ್ನಿಗೆ ಇಳಿದು ಬರುತ್ತದೆ. ಎಷ್ಟು ಉಳಿದಿದೆ ಎಂದು ತೋರಿಸಲು ಟ್ಯಾಂಕಿನ ನೆತ್ತಿಯ ಮೇಲೆ ಗಾಜಿನ ಕೊಳವೆ, ಅದರೊಳಗೆ ತೇಲು.

ಜಿಪ್ಸಿ ಮೇಜರ್ 6.1 ಲೀಟರಿನ, ನಾಲ್ಕು ಸಿಲಿಂಡರ್ ಸಾಲಾಗಿ ಇರುವ, ಗಾಳಿಯಿಂದ ತಣಿಯುವ ಎಂಜಿನ್. ಅದನ್ನು ತಲೆಕೆಳಗು ಕೂಡಿಸಿದ್ದಾರೆ. ಸಿಲಿಂಡರ್‌ಗಳು ಕೆಳಗೆ, ಮುಖ್ಯ ದಂಡ ಮೇಲೆ. ಇದರಿಂದ ಪೈಲಟ್‌ನ ಕಣ್ಣೆದುರು ಮೂತಿ ತುಸು ತಗ್ಗಿ ನೋಟ ತೆರೆಯಿತು, ಪ್ರೊಪೆಲ್ಲರ್ ನೆಲದಿಂದ ಮೇಲಕ್ಕೆ ಹೋಯಿತು. ವಿದ್ಯುತ್ತಿನ ವ್ಯವಸ್ಥೆಯೇ ಇಲ್ಲ. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಮೆಕ್ಯಾನಿಕ್ ಪ್ರೊಪೆಲ್ಲರನ್ನು ಕೈಯಿಂದ ತಿರುವಿ ಎಂಜಿನ್ ಎಬ್ಬಿಸಬೇಕು. ಸ್ವಿಚ್ ಆಫ್ ಎಂದು ಒಬ್ಬ ಕೂಗಿದ್ದನ್ನು ಇನ್ನೊಬ್ಬ ಮರುನುಡಿದು ಖಚಿತಪಡಿಸುವ ಆ ಸಂಪ್ರದಾಯ ಬೆರಳು, ತೋಳುಗಳನ್ನು ಉಳಿಸಿಕೊಳ್ಳುವ ಕಟ್ಟಳೆ.

ಬ್ರೇಕ್ ಕೂಡ ಇಲ್ಲ. ಬಾಲದ ಕೆಳಗಿನ ಲೋಹದ ಹಿಮ್ಮಡಿ ಕುಂಟೆಯಂತೆ ನೆಲವನ್ನು ಕೆರೆಯುತ್ತಾ ವೇಗ ತಗ್ಗಿಸುತ್ತದೆ. ಹುಲ್ಲಿನ ಮೈದಾನದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಡಾಂಬರು ರನ್‌ವೇ ಮೇಲೆ ಹಿಡಿತವೂ ಇಲ್ಲ, ಹಿಮ್ಮಡಿ ಸವೆಯುವುದೂ ಬೇಗ. ನೆಲದ ಮೇಲೆ ಮೂತಿ ಮೇಲೆತ್ತಿ ನಿಲ್ಲುವುದರಿಂದ ಮುಂದಿನದು ಕಾಣುವುದಿಲ್ಲ. ಹಾವಿನ ನಡೆಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಓರೆಯಿಂದ ಇಣುಕಿ ಸಾಗಬೇಕು.

ಕಲಿಸುವ ಬಗೆ

ಶಿಕ್ಷಕ ಮುಂದೆ, ಕಲಿಯುವವ ಹಿಂದೆ. ಒಬ್ಬನೇ ಹಾರುವಾಗಲೂ ಹಿಂದೆಯೇ ಕೂರಬೇಕು, ಇಲ್ಲದಿದ್ದರೆ ತೂಕದ ಸಮತೋಲ ಕೆಡುತ್ತದೆ. ಮಾತಿಗೆ ಗಾಸ್‌ಪೋರ್ಟ್ ಕೊಳವೆ: ಒಂದು ತುದಿಯಲ್ಲಿ ಬಾಯಿ, ಇನ್ನೊಂದು ತುದಿಯಲ್ಲಿ ಹೆಲ್ಮೆಟ್ಟಿನ ಕಿವಿ, ನಡುವೆ ರಬ್ಬರ್ ನಳಿಕೆ. ಎದುರಿಗೆ ನಾಲ್ಕಾರು ಉಪಕರಣ ಮಾತ್ರ.

ಟೈಗರ್ ಮಾತ್ ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂಬುದು ಅದರಲ್ಲಿ ಕಲಿತವರೆಲ್ಲ ಹೇಳುವ ಮಾತು. ಕಾರಣ ವಿನ್ಯಾಸದಲ್ಲೇ ಇದೆ. ವಿಮಾನವನ್ನು ಪಕ್ಕಕ್ಕೆ ಓಲಿಸುವ ಏಲೆರಾನ್‌ಗಳು ಕೆಳರೆಕ್ಕೆಯಲ್ಲಿ ಮಾತ್ರ ಇವೆ, ಆದ್ದರಿಂದ ಓಲುವಿಕೆ ನಿಧಾನ. ಕೈಯಲ್ಲಿನ ಹಿಡಿಕೆ, ಅಂದರೆ ಸ್ಟಿಕ್, ಅಷ್ಟನ್ನೇ ಓಲಿಸಿದರೆ ಮೂತಿ ತಪ್ಪು ದಿಕ್ಕಿಗೆ ಜಾರುತ್ತದೆ. ಈ ದೋಷ ತಗ್ಗಿಸಲು ಕೆಳಗಿಳಿಯುವ ಏಲೆರಾನ್ ಕಡಿಮೆ, ಮೇಲೇಳುವುದು ಹೆಚ್ಚು ಚಲಿಸುವಂತೆ ಡಿ ಹ್ಯಾವಿಲೆಂಡ್ ಏರ್ಪಾಡು ಮಾಡಿದ್ದರು. ಆದರೂ ಕಾಲಿನ ಚುಕ್ಕಾಣಿ ಬಳಸದೆ ಸರಿಯಾದ ತಿರುವು ಬರುವುದಿಲ್ಲ. ತಪ್ಪಿದರೆ ಗಾಳಿ ಕೆನ್ನೆಯ ಒಂದು ಬದಿಗೆ ಬಡಿಯುತ್ತದೆ. ತೆರೆದ ಕಾಕ್‌ಪಿಟ್‌ನಲ್ಲಿ ಕೂತ ಹುಡುಗನಿಗೆ ಅದಕ್ಕಿಂತ ಸ್ಪಷ್ಟವಾದ ಶಿಕ್ಷಕ ಇನ್ನೊಬ್ಬನಿಲ್ಲ. ಮುಂದೆ ಯುದ್ಧವಿಮಾನಗಳಾದ ಹರಿಕೇನ್, ಸ್ಪಿಟ್‌ಫೈರ್‌ಗೆ ಹೋಗುವವನ ಕೈಕಾಲು ಒಂದಾಗಿ ಕೆಲಸ ಮಾಡುವುದನ್ನು ಇಲ್ಲಿಯೇ ಕಲಿಯಬೇಕಿತ್ತು. ತಪ್ಪನ್ನು ಮುಚ್ಚಿಡದೆ ತೋರಿಸಿ, ಅದೇ ಹೊತ್ತಿಗೆ ತಪ್ಪಿಗಾಗಿ ಪ್ರಾಣ ತೆಗೆಯದ ವಿಮಾನ ತರಬೇತಿಗೆ ಯೋಗ್ಯ. ಟೈಗರ್ ಮಾತ್‌ನ ನಿಜವಾದ ಹಿರಿಮೆ ಇದು. ಅದರ ವೇಗವೋ ಅಂದವೋ ಅಲ್ಲ.

ಮೇಲ್ರೆಕ್ಕೆಯ ಹೊರತುದಿಗಳಲ್ಲಿ ಹ್ಯಾಂಡ್ಲಿ ಪೇಜ್ ಪದ್ಧತಿಯ ಸ್ಲ್ಯಾಟ್‌ಗಳಿವೆ. ವೇಗ ಕುಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಹೊತ್ತಿಗೆ ಅವು ತಾವಾಗಿ ಮುಂದೆ ಬಂದು ಸಂದು ಬಿಡುತ್ತವೆ. ಆ ಸಂದಿನಿಂದ ನುಗ್ಗಿದ ಗಾಳಿ ರೆಕ್ಕೆಗೆ ಇನ್ನಷ್ಟು ಹೊತ್ತು ಹಿಡಿತ ಕೊಡುತ್ತದೆ. ಕಸರತ್ತಿಗೆ ಮೊದಲು ಅವನ್ನು ಲಿವರ್‌ನಿಂದ ಬಿಗಿಯಬೇಕು. ಲೂಪ್, ಬ್ಯಾರೆಲ್ ರೋಲ್, ಸ್ಟಾಲ್ ಟರ್ನ್ ಇವೆಲ್ಲ ಇದರಲ್ಲಿ ಸಾಧ್ಯ. ಲೂಪಿಗೆ ಬೇಕಾದ ವೇಗ ಸಮತಟ್ಟು ಹಾರಾಟದಲ್ಲಿ ಸಿಗದು; ಮೊದಲು ಮೂತಿ ತಗ್ಗಿಸಿ ಧುಮುಕಿ ವೇಗ ಕೂಡಿಸಿಕೊಳ್ಳಬೇಕು. ತಲೆಕೆಳಗಾಗಿ ಹೆಚ್ಚು ಹೊತ್ತು ಹಾರಿದರೆ ಎಂಜಿನ್ ನಿಲ್ಲುತ್ತದೆ, ಏಕೆಂದರೆ ಪೆಟ್ರೋಲ್ ಹರಿಯುವುದು ತನ್ನ ಭಾರದಿಂದ. ಎತ್ತರವನ್ನೂ ವೇಗವನ್ನೂ ಒಂದರಿಂದೊಂದಕ್ಕೆ ಬದಲಾಯಿಸಿಕೊಳ್ಳುವ ಲೆಕ್ಕ ಇಂಥ ದುರ್ಬಲ ಎಂಜಿನ್ನಿನಲ್ಲಿ ಮೈಗೂಡುವಷ್ಟು ಬಲಿಷ್ಠ ಎಂಜಿನ್ನಿನಲ್ಲಿ ಮೈಗೂಡದು.

ಸ್ಪಿನ್

ತರಬೇತಿಯ ತಿರುಳು ಸ್ಪಿನ್. ವೇಗ ಕಳೆದುಕೊಂಡ ವಿಮಾನದ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಹಿಡಿತ ಬಿಟ್ಟರೆ ಆ ಬದಿ ಕುಸಿಯುತ್ತದೆ. ಕುಸಿದ ರೆಕ್ಕೆಗೆ ಗಾಳಿ ಇನ್ನೂ ಕೆಟ್ಟ ಕೋನದಲ್ಲಿ ತಾಗಿ ಅದು ಮತ್ತಷ್ಟು ಕುಸಿಯುತ್ತದೆ. ಎದುರಿನ ರೆಕ್ಕೆ ಮೇಲೇಳುತ್ತಲೇ ಇರುತ್ತದೆ. ಹೀಗೆ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತಾ ವಿಮಾನ ನೆಲದತ್ತ ಸುರುಳಿಯಾಗಿ ಇಳಿಯುತ್ತದೆ. ಸ್ಟಿಕ್ಕನ್ನು ಹಿಂದಕ್ಕೆಳೆದು ಮೂತಿ ಎತ್ತಬೇಕೆಂಬ ಹುಟ್ಟುಗುಣದ ಪ್ರತಿಕ್ರಿಯೆಯೇ ಆಗ ಕೊಲ್ಲುವುದು. ಮಾಡಬೇಕಾದದ್ದು ಬೇರೆ: ಎಂಜಿನ್ ತಗ್ಗಿಸಿ, ತಿರುಗುವ ದಿಕ್ಕಿಗೆ ಎದುರಾದ ಚುಕ್ಕಾಣಿಯನ್ನು ಪೂರ್ತಿ ಒತ್ತಿ, ಒಂದು ಕ್ಷಣ ತಡೆದು, ತಿರುಗಾಟ ನಿಲ್ಲುವವರೆಗೆ ಸ್ಟಿಕ್ಕನ್ನು ಮುಂದಕ್ಕೆ ದೂಡಬೇಕು. ನಿಂತ ಮೇಲೆ ಚುಕ್ಕಾಣಿ ನಡುವಿಗೆ ತಂದು ಮೆಲ್ಲಗೆ ಮೇಲೇಳಬೇಕು. ಭೂಮಿ ಗಿರಗಿರ ತಿರುಗುವಾಗ ಇಷ್ಟನ್ನು ಕ್ರಮವಾಗಿ ಮಾಡಲು ಪುಸ್ತಕ ಸಾಲದು, ಮೈಯೇ ಕಲಿತಿರಬೇಕು.

ವಿಮಾನದ ಚಿಕ್ಕ ಬದಲಾವಣೆಯೂ ಸ್ಪಿನ್ ಗುಣವನ್ನು ಕೆಡಿಸಬಲ್ಲದು. ಟೈಗರ್ ಮಾತ್ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಯುದ್ಧದ ಆರಂಭದಲ್ಲಿ, ಜರ್ಮನ್ ದಾಳಿಯ ಭೀತಿಯಿಂದ, ತರಬೇತಿ ವಿಮಾನಗಳಿಗೂ ಬಾಂಬ್ ಕಟ್ಟುವ ಏರ್ಪಾಡಾಯಿತು. ಇಂಥ ಮಾರ್ಪಾಡುಗಳು ಸೇರುತ್ತಾ ಹೋದ ವಿಮಾನಗಳು ಸ್ಪಿನ್‌ನಿಂದ ಹೊರಬರಲು ತಡ ಮಾಡುತ್ತಿವೆ ಎಂಬ ದೂರು ಬಂತು. ಪರೀಕ್ಷೆಗಳ ನಂತರ ಏಲೆರಾನ್‌ಗಳ ಸಮತೋಲ ಭಾರಗಳನ್ನು ತೆಗೆದರು. ಬಾಲದ ಅಡ್ಡರೆಕ್ಕೆಯ ಮುಂದೆ ಮೈಗಂಟಿ ಹೋಗುವ ಉದ್ದನೆಯ ಕಿರುಪಟ್ಟಿ ಜೋಡಿಸಿದರು. ಇಂದು ಹಳೆಯ ಚಿತ್ರಗಳಲ್ಲಿ ಆ ಪಟ್ಟಿ ಇದೆಯೋ ಇಲ್ಲವೋ ನೋಡಿ ಇತಿಹಾಸ ಬಲ್ಲವರು ವಿಮಾನದ ಕಾಲ ಊಹಿಸುತ್ತಾರೆ.

ಯುದ್ಧಕಾಲ

ಯುದ್ಧದ ಬೇಡಿಕೆ ಪೂರೈಸಲು ಡಿ ಹ್ಯಾವಿಲೆಂಡ್ ಕಾರ್ಖಾನೆಗೆ ಆಗಲಿಲ್ಲ. ಕಾರು ತಯಾರಿಸುವ ಮಾರಿಸ್ ಮೋಟಾರ್ಸ್ ತನ್ನ ಕೌಲಿ ಕಾರ್ಖಾನೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ತಯಾರಿಸಿತು. ಕೆನಡಾದವರು ತಮ್ಮ ಚಳಿಗೆ ತಕ್ಕಂತೆ ಕಾಕ್‌ಪಿಟ್‌ಗೆ ಗಾಜಿನ ಮುಚ್ಚಳ, ಚಕ್ರಗಳಿಗೆ ಬ್ರೇಕ್, ಬಾಲಕ್ಕೆ ಚಕ್ರ ಕೊಟ್ಟರು. ಇದರ ಒಡಹುಟ್ಟು ಕ್ವೀನ್ ಬೀ: ಮರದ ಮೈ, ಪೈಲಟ್ ಇಲ್ಲದೆ ರೇಡಿಯೊ ಮೂಲಕ ಹಾರುವ ವಿಮಾನ. ವಿಮಾನ ನಿರೋಧಕ ಗನ್ನರ್‌ಗಳ ಗುರಿ ಅಭ್ಯಾಸಕ್ಕೆ 1935ರಿಂದ ಬಳಕೆಗೆ ಬಂದ ಇದು ಇಂದಿನ ಡ್ರೋನ್‌ಗಳ ಹಿರಿಯಜ್ಜಿ. ಬರ್ಮಾ ರಂಗದಲ್ಲಿ ಕೆಲವು ಟೈಗರ್ ಮಾತ್‌ಗಳ ಬೆನ್ನು ಸೀಳಿ ಮುಚ್ಚಳ ಮಾಡಿ, ಗಾಯಾಳುವೊಬ್ಬನನ್ನು ಮಲಗಿಸಿ ಸಾಗಿಸುತ್ತಿದ್ದರು.

ಭಾರತದಲ್ಲಿ

ಈ ಕುಲ ಭಾರತಕ್ಕೆ ಬಂದದ್ದು ಹಾರಾಟದ ಕ್ಲಬ್ಬುಗಳ ಮೂಲಕ. 1920ರ ದಶಕದ ಕೊನೆಗೆ ದೆಹಲಿ, ಮುಂಬಯಿ, ಕರಾಚಿ, ಕಲ್ಕತ್ತಾಗಳಲ್ಲಿ ಕ್ಲಬ್ಬುಗಳು ಹುಟ್ಟಿದವು; ಡಿಎಚ್ 60 ಮಾತ್ ಅವುಗಳ ಮುಖ್ಯ ವಿಮಾನ. ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿ 10ರಂದು ಲೈಸೆನ್ಸ್ ಪಡೆದದ್ದು ಮುಂಬಯಿ ಕ್ಲಬ್ಬಿನಿಂದ. ಮರುವರ್ಷ ಇಂಗ್ಲೆಂಡ್–ಭಾರತ ಒಂಟಿ ಹಾರಾಟಕ್ಕೆ ಆಗಾ ಖಾನ್ ಬಹುಮಾನ ಘೋಷಿಸಿದಾಗ ಟಾಟಾ ಕರಾಚಿಯಿಂದ ಹೊರಟರು, ಆಸ್ಪಿ ಎಂಜಿನಿಯರ್ ಎಂಬ ಹದಿಹರೆಯದವರು ಇಂಗ್ಲೆಂಡಿನಿಂದ ಹೊರಟರು. ಇಬ್ಬರದೂ ಜಿಪ್ಸಿ ಮಾತ್. ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಕೆಟ್ಟು ನಿಂತಿದ್ದ ಎದುರಾಳಿಗೆ ಟಾಟಾ ತಮ್ಮ ಬಿಡಿ ಪ್ಲಗ್ ಕೊಟ್ಟರು. ಬಹುಮಾನ ಎಂಜಿನಿಯರ್ ಪಾಲಾಯಿತು. ಆ ಹುಡುಗ ಮುಂದೆ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಆಡಳಿತ ನಿರ್ದೇಶಕನಾಗಿ, ಆಮೇಲೆ ವಾಯುಪಡೆಯ ಮುಖ್ಯಸ್ಥನೂ ಆದ.

1932ರ ಅಕ್ಟೋಬರ್ 15ರಂದು ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ತಂದ ಪುಸ್ ಮಾತ್, ಒಂಟಿ ರೆಕ್ಕೆಯ ಸೋದರ ವಿಮಾನ. ಅದರಲ್ಲಿದ್ದದ್ದು ಟೈಗರ್ ಮಾತ್‌ನ ಮೊದಲ ಮಾದರಿಯ ಅದೇ ಜಿಪ್ಸಿ 3 ಎಂಜಿನ್. ಮುಂಬಯಿಯಿಂದ ಮದ್ರಾಸಿಗೆ ಪೈಲಟ್ ನೆವಿಲ್ ವಿನ್ಸೆಂಟ್ ಅಂಚೆ ಒಯ್ದದ್ದು ಬಳ್ಳಾರಿಯ ಮೂಲಕ. ಭಾರತದ ನಿಯಮಿತ ವಿಮಾನ ಅಂಚೆ ಹುಟ್ಟಿದ ದಿನಗಳಲ್ಲೇ ಕನ್ನಡ ನೆಲ ಅದರ ತಂಗುದಾಣವಾಗಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕು.

ಯುದ್ಧ ಬಂದಾಗ ಭಾರತೀಯ ಪೈಲಟ್‌ಗಳ ಪ್ರಾಥಮಿಕ ಹಾರಾಟ ಶಾಲೆಗಳು ಹೈದರಾಬಾದಿನ ಬೇಗಂಪೇಟೆಯಲ್ಲೂ ಜೋಧಪುರದಲ್ಲೂ ನಡೆದವು. ಎರಡರಲ್ಲೂ ಟೈಗರ್ ಮಾತ್. ಬೇಗಂಪೇಟೆ ಇದ್ದ ನಿಜಾಮನ ಸಂಸ್ಥಾನದಲ್ಲಿ ಅಂದು ಬೀದರ, ಕಲಬುರಗಿ, ರಾಯಚೂರು ಕೂಡ ಸೇರಿದ್ದವು. ಈ ಶಾಲೆಗಳಲ್ಲಿ ಗೆದ್ದವರು ಅಂಬಾಲಾಕ್ಕೆ ಹೋಗಿ ಹಾರ್ವರ್ಡ್‌ನಂಥ ಬಲಿಷ್ಠ ವಿಮಾನ ಏರುತ್ತಿದ್ದರು. ಸ್ವಾತಂತ್ರ್ಯದ ನಂತರವೂ ವಾಯುಪಡೆ ಟೈಗರ್ ಮಾತ್ ಇಟ್ಟುಕೊಂಡಿತು. 1948ರಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ಜಮೀನಿನಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನ ಎದ್ದಿತು. ಅಲ್ಲಿನ ಸರ್ಕಾರಿ ಹಾರಾಟ ಶಾಲೆ ಆರಂಭವಾದ ಕಾಲಕ್ಕೆ ದೇಶದ ಹಾರಾಟ ಶಾಲೆಗಳ ಮುಖ್ಯ ವಿಮಾನವೂ ಟೈಗರ್ ಮಾತ್ ಆಗಿತ್ತು.

ವಿಜಯಪುರದ ಕಡೆಯಿಂದ

ಈ ವಿಮಾನದ ಅಳತೆಗಳನ್ನು ಕರ್ನಾಟಕದ ಒಂದು ಊರಿನಿಂದ ನೋಡೋಣ. ವಿಜಯಪುರ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ನೇರ ಗೆರೆ ಎಳೆದರೆ ಮುಂಬಯಿಯ ಜುಹುವಿಗೆ ಸುಮಾರು 400 ಕಿ.ಮೀ., ಬೇಗಂಪೇಟೆಗೆ 300, ಬೆಳಗಾವಿಯ ಸಾಂಬ್ರಾಕ್ಕೆ 160. ಜಕ್ಕೂರಿಗೆ 460, ಟೈಗರ್ ಮಾತ್ ಒಮ್ಮೆ ತುಂಬಿಸಿದ ಇಂಧನದಲ್ಲಿ ಹೋಗಬಲ್ಲ ದೂರ 486. ಎದುರುಗಾಳಿ ತುಸು ಬೀಸಿದರೂ ಮುಟ್ಟುವುದು ಕಷ್ಟ, ಆದ್ದರಿಂದ ಈ ವಿಮಾನದ ಪೈಲಟ್ ನಕ್ಷೆಯ ಮೇಲೆ ಬಳ್ಳಾರಿಯನ್ನು ಗುರುತು ಹಾಕಿಕೊಳ್ಳಬೇಕು. ದಿಕ್ಸೂಚಿ ಮತ್ತು ಕಣ್ಣು ಬಿಟ್ಟರೆ ಅವನಿಗೆ ಬೇರೆ ದಾರಿದೀಪವಿಲ್ಲ. ಅಂಥವನಿಗೆ ಗೋಳಗುಮ್ಮಟದಷ್ಟು ಖಚಿತವಾದ ಗುರುತು ಈ ಬಯಲಿನಲ್ಲಿ ಇನ್ನೊಂದಿಲ್ಲ. ಅದರ ದಕ್ಷಿಣಕ್ಕೆ ಡೋಣಿ, ಇನ್ನೂ ಆಚೆ ಕೃಷ್ಣೆ.

ಇಳಿಯುವ ಪ್ರಶ್ನೆ ಬಂದರೆ ಮಣ್ಣು ಮುಖ್ಯವಾಗುತ್ತದೆ. ಬಬಲೇಶ್ವರ, ತಿಕೋಟಾ ಸುತ್ತ ಕಾಣುವ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಚಕ್ರಕ್ಕೆ ಮೆತ್ತಿ ಹಿಡಿದು ನಿಲ್ಲಿಸುತ್ತದೆ. ಸಣ್ಣ ಚಕ್ರ, ಬಾಲಕ್ಕೆ ಹಿಮ್ಮಡಿ ಇರುವ ವಿಮಾನ ಎರೆಯಲ್ಲಿ ಮೂತಿ ಊರಿ ಮಗುಚುವುದು ಹೆಚ್ಚು. ಅದಕ್ಕೆ ಒಗ್ಗುವುದು ಗಟ್ಟಿ ಮಡ್ಡಿ ನೆಲ. ಇನ್ನೊಂದು ಲೆಕ್ಕ ಬಿಸಿಲಿನದು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಕಡಲ ಮಟ್ಟದ ತಂಪು ಗಾಳಿಗಿಂತ ಶೇ. 14ರಷ್ಟು ತೆಳು. ರೆಕ್ಕೆಗೆ ಎತ್ತುವ ಬಲವೂ ಎಂಜಿನ್ನಿಗೆ ಉಸಿರೂ ಅಷ್ಟೇ ಕಡಿಮೆ; 130 ಅಶ್ವಶಕ್ತಿ ಹೆಸರಿಗಷ್ಟೇ ಉಳಿಯುತ್ತದೆ. 900 ಮೀಟರ್ ಎತ್ತರದ ಜಕ್ಕೂರಿನಲ್ಲಿ ಹಿತವಾದ 25 ಡಿಗ್ರಿಯಲ್ಲೂ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ ಬರುತ್ತದೆ. ದಖ್ಖನ್ನಿನ ಹಾರಾಟ ಶಾಲೆಗಳು ಬೆಳಕು ಹರಿಯುವ ಹೊತ್ತಿಗೇ ವಿಮಾನ ಹೊರತೆಗೆಯುವುದಕ್ಕೆ ಈ ಭೌತಶಾಸ್ತ್ರವೂ ಕಾರಣ. 

ಬಟ್ಟೆಯಿಂದ ಲೋಹಕ್ಕೆ: ಎಚ್‌ಟಿ-2

ಮರ, ಅಂಟು, ಬಟ್ಟೆಗಳ ವಿಮಾನಕ್ಕೆ ಭಾರತದ ಹವೆ ಹಗೆ. ಬಿಸಿಲು ಡೋಪನ್ನು ಸೀಳುತ್ತದೆ, ಮಳೆಗಾಲ ಮರದ ಕೀಲುಗಳ ಅಂಟನ್ನು ಸಡಿಲಿಸುತ್ತದೆ, ಶೆಡ್ಡಿನಲ್ಲಿ ಗೆದ್ದಲಿನ ಕಾವಲು ಬೇರೆ. ರೆಕ್ಕೆಯ ಬಟ್ಟೆ ಕಿತ್ತು ಹೊಸದು ಹೊದಿಸುವುದು ಮೇಲಿಂದ ಮೇಲೆ ಬರುವ ಖರ್ಚು.

ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಬಂಡವಾಳ ಮತ್ತು ಜಮೀನಿನ ನೆರವಿನೊಂದಿಗೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದ್ದರು. 1941ರಲ್ಲಿ ಅಲ್ಲಿಂದ ಮೊದಲು ಹಾರಿದ ಹಾರ್ಲೊ ಕೂಡ ತರಬೇತಿ ವಿಮಾನವೇ, ಆದರೆ ವಿನ್ಯಾಸ ಅಮೆರಿಕದ್ದು. ಸ್ವಂತ ವಿನ್ಯಾಸದ ಹೊಣೆ ಬಿದ್ದದ್ದು ವಿಷ್ಣು ಮಾಧವ ಘಾಟಗೆ ಅವರ ಮೇಲೆ. ಕೊಲ್ಹಾಪುರದ ಕಡೆಯವರಾದ ಘಾಟಗೆ ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರು. 1942ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ವಿಭಾಗವನ್ನು ಕಟ್ಟಿದವರು. ಅವರ ತಂಡದ ಎಚ್‌ಟಿ-2 1951ರ ಆಗಸ್ಟ್‌ನಲ್ಲಿ ಹಾರಿತು. ಚಾಲಕ ಕ್ಯಾಪ್ಟನ್ ಜೆ. ಮುನ್ಷಿ. ಮೊದಲ ಮಾದರಿಗೆ ಕೂಡಿಸಿದ ಎಂಜಿನ್ ಜಿಪ್ಸಿ ಮೇಜರ್ ಕುಲದ್ದೇ, ಹೀಗಾಗಿ ಹಳೆಯ ಗುರುವಿನ ಉಸಿರು ಹೊಸ ಶಿಷ್ಯನಲ್ಲಿ ಮುಂದುವರಿಯಿತು. ತಯಾರಿಕೆಗೆ ಬಂದ ವಿಮಾನಕ್ಕೆ 155 ಅಶ್ವಶಕ್ತಿಯ ಸಿರಸ್ ಮೇಜರ್ 3.

ಎಚ್‌ಟಿ-2 ಎಲ್ಲ ಲೋಹದ, ಒಂಟಿ ಕೆಳರೆಕ್ಕೆಯ ವಿಮಾನ. ಒಂದರ ಹಿಂದೊಂದು ಆಸನದ ಕ್ರಮ ಹಾಗೆಯೇ ಉಳಿಯಿತು, ಮೇಲೆ ಗಾಜಿನ ಮುಚ್ಚಳ ಬಂತು. ಹರವು 10.72 ಮೀಟರ್, ತುಂಬು ತೂಕ 1,016 ಕಿಲೊ, ವೇಗ ಗಂಟೆಗೆ 209 ಕಿ.ಮೀ. ಕಂಬ, ತಂತಿಗಳ ತಡೆ ಹೋದದ್ದರಿಂದ 25 ಅಶ್ವಶಕ್ತಿ ಮಾತ್ರ ಹೆಚ್ಚಿದ್ದರೂ ಹೆಚ್ಚು ತೂಕ ಹೊತ್ತು ಹೆಚ್ಚು ವೇಗ ಬಂದಿತು. ಕಸರತ್ತಿನ ಸಾಮರ್ಥ್ಯ ಪೂರ್ತಿ. 170ರ ಆಸುಪಾಸು ತಯಾರಾದವು, 12 ಘಾನಾ ದೇಶಕ್ಕೆ ಹೋದವು. 1950ರ ದಶಕದ ನಡುವಿನಿಂದ ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗ ಇದಕ್ಕೆ ಸಿಕ್ಕಿತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ, ವಿಮಾನ ವಿನ್ಯಾಸದ ಪರಂಪರೆ ಇಲ್ಲದ ದೇಶವೊಂದು ಮಾಡಿದ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಮಾರುತ್ ಯುದ್ಧವಿಮಾನದ ಕಥೆ ಎಲ್ಲರಿಗೂ ಗೊತ್ತು, ಅದಕ್ಕೆ ಅಡಿಪಾಯ ಹಾಕಿದ ಈ ಪುಟ್ಟ ತರಬೇತಿ ವಿಮಾನ ಮರೆಯಾಗಿದೆ.

ವಿಜಯಪುರದ ಸೈನಿಕ ಶಾಲೆ ಆರಂಭವಾದದ್ದು 1963ರ ಸೆಪ್ಟೆಂಬರ್ 16ರಂದು. ಅಲ್ಲಿಂದ ಖಡಕ್‌ವಾಸ್ಲಾದ ಅಕಾಡೆಮಿ ಸೇರಿ ವಾಯುಪಡೆ ಆಯ್ದುಕೊಂಡ ಮೊದಲ ತಲೆಮಾರಿಗೆ ಟೈಗರ್ ಮಾತ್ ಸಿಗಲಿಲ್ಲ, ಬೆಂಗಳೂರಿನ ಲೋಹದ ಎಚ್‌ಟಿ-2 ಕಾಲ ಆಗಲೇ ಬಂದಿತ್ತು. ನಾಗರಿಕ ಕ್ಲಬ್ಬುಗಳಲ್ಲಿಯೂ 1958ರಲ್ಲಿ ಮೊದಲು ಹಾರಿದ ಬೆಂಗಳೂರಿನದೇ ಪುಷ್ಪಕ್ ಮೆಲ್ಲಮೆಲ್ಲನೆ ಟೈಗರ್ ಮಾತ್‌ನ ಬದಲಿಗೆ ನಿಂತಿತು. ಪುಷ್ಪಕ್‌ನ ರೆಕ್ಕೆಗೆ ಇನ್ನೂ ಬಟ್ಟೆಯೇ ಹೊದಿಕೆ.

ಉಳಿದವು, ಮುಂದುವರಿದದ್ದು

ಬ್ರಿಟನ್ನಿನ ವಾಯುಪಡೆಯಲ್ಲಿ ಚಿಪ್‌ಮಂಕ್ ಬಂದು 1950ರ ದಶಕದಲ್ಲಿ ಟೈಗರ್ ಮಾತ್ ನಿವೃತ್ತವಾಯಿತು. ಅಗ್ಗಕ್ಕೆ ಮಾರಾಟವಾದ ವಿಮಾನಗಳಲ್ಲಿ ಹಲವು ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹೊಲಗಳ ಮೇಲೆ ಗೊಬ್ಬರ, ಔಷಧಿ ಸಿಂಪಡಿಸಿದವು; ಗ್ಲೈಡರ್‌ಗಳನ್ನು ಎಳೆದವು. ಇಂದಿಗೂ ಹಲವು ದೇಶಗಳಲ್ಲಿ ಹಾರುತ್ತಿವೆ. ಕೊಳವೆ, ಮರ, ಬಟ್ಟೆಯ ವಿಮಾನದ ಯಾವ ಭಾಗ ಕೆಟ್ಟರೂ ಒಳ್ಳೆಯ ಬಡಗಿ, ಬೆಸುಗೆಗಾರ, ಹೊಲಿಗೆಗಾರ ಸೇರಿ ಮರಳಿ ಮಾಡಬಹುದು ಎಂಬುದೇ ಈ ದೀರ್ಘಾಯುಷ್ಯದ ಗುಟ್ಟು.

ಭಾರತೀಯ ವಾಯುಪಡೆಯ ಪಾರಂಪರಿಕ ವಿಮಾನಗಳ ತುಕಡಿಗಾಗಿ ಒಂದು ಟೈಗರ್ ಮಾತ್ ಅನ್ನು ಬ್ರಿಟನ್ನಿನಲ್ಲಿ ಜೀರ್ಣೋದ್ಧಾರ ಮಾಡಿಸಲಾಯಿತು. ಎಚ್‌ಯು 512 ಗುರುತಿನ ಅದು 2012ರ ಅಕ್ಟೋಬರ್ 8ರಂದು, ವಾಯುಪಡೆಯ 80ನೆಯ ವಾರ್ಷಿಕೋತ್ಸವದಂದು, ದೆಹಲಿ ಬಳಿಯ ಹಿಂಡನ್‌ನಲ್ಲಿ ಹಾರಿತು. ಎಚ್‌ಟಿ-2 ನೋಡಲು ಕನ್ನಡಿಗರು ಅಷ್ಟು ದೂರ ಹೋಗಬೇಕಿಲ್ಲ, ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿದೆ.

ತರಬೇತಿ ವಿಮಾನದ ವಿನ್ಯಾಸ ಕರ್ನಾಟಕದಲ್ಲಿ ಮುಂದುವರಿದಿದೆ: 1977ರ ಎಚ್‌ಪಿಟಿ-32, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ, 2016ರಲ್ಲಿ ಮೊದಲು ಹಾರಿದ ಎಚ್‌ಟಿಟಿ-40. ರೆಕ್ಕೆಯ ಸಂಖ್ಯೆ, ಸಾಮಗ್ರಿ, ಎಂಜಿನ್ ಎಲ್ಲ ಬದಲಾದರೂ ಸ್ಪಿನ್ ಪರೀಕ್ಷೆ ಬದಲಾಗಿಲ್ಲ. 2003ರಲ್ಲಿ ಹಾರಿದ ಜೆಟ್ ತರಬೇತಿ ವಿಮಾನ ಸಿತಾರಾ ವರ್ಷಗಟ್ಟಲೆ ಹಿಂದೆ ಬಿದ್ದದ್ದಕ್ಕೆ ಸ್ಪಿನ್‌ನಿಂದ ಖಚಿತವಾಗಿ ಹೊರಬರಲಾಗದ ಸಮಸ್ಯೆ ದೊಡ್ಡ ಕಾರಣ. ಟೈಗರ್ ಮಾತ್‌ಗೆ ಪಟ್ಟಿ ಜೋಡಿಸಿದ ಹಾಗೆ ಇಲ್ಲಿಯೂ ಮದ್ದು ಬಾಲದ ಕಡೆಯೇ ಸಿಕ್ಕಿತು: ಬಾಲದ ಲಂಬರೆಕ್ಕೆಯನ್ನೂ ಚುಕ್ಕಾಣಿಯನ್ನೂ ಹಿಂದಕ್ಕೆ ಸರಿಸಿ ಮಾರ್ಪಡಿಸಿದ ವಿಮಾನ 2019ರಲ್ಲಿ ಮತ್ತೆ ಹಾರಿತು. 2022ರ ಆರಂಭದ ಹೊತ್ತಿಗೆ ಅದು ಎಡಕ್ಕೂ ಬಲಕ್ಕೂ ಆರಾರು ಸುತ್ತು ಸ್ಪಿನ್ ತಿರುಗಿ ಹೊರಬಂದಿತ್ತು.